ಎಲ್ಲರೂ ಒಂದೇ ಪಟ್ಟಿಯಲ್ಲಿದ್ದ ಕಾಲ

ಪಿಡ್ಜಿನ್ ಎಂಬ ಚಾಟ್ ಪ್ರೋಗ್ರಾಂ ತೆರೆದರೆ ಪರದೆಯ ಒಂದು ಬದಿಯಲ್ಲಿ ಉದ್ದನೆಯ ಪಟ್ಟಿ ಬರುತ್ತಿತ್ತು. ಗೆಳೆಯರ ಹೆಸರುಗಳು, ಪಕ್ಕದಲ್ಲಿ ಹಸಿರು ಚುಕ್ಕೆ. ಇವರು ಯಾಹೂನಲ್ಲಿದ್ದಾರಾ, ಎಂಎಸ್‌ಎನ್‌ನಲ್ಲಿದ್ದಾರಾ, ಗೂಗಲ್ ಟಾಕ್‌ನಲ್ಲಿದ್ದಾರಾ ಅಂತ ನೆನಪಿಟ್ಟುಕೊಳ್ಳುವ ಕೆಲಸವೇ ಇರಲಿಲ್ಲ. ಹೆಸರಿನ ಮೇಲೆ ಎರಡು ಸಲ ಒತ್ತಿದರೆ ಮಾತು ಶುರು. ಒಬ್ಬರೇ ಮೂರು ಕಡೆ ಖಾತೆ ಇಟ್ಟುಕೊಂಡಿದ್ದರೆ ಆ ಮೂರನ್ನೂ ಸೇರಿಸಿ ಪಟ್ಟಿಯಲ್ಲಿ ಒಂದೇ ಹೆಸರಾಗಿ ಇಡಬಹುದಿತ್ತು. ಇಡೀ ಸಾಫ್ಟ್‌ವೇರಿನ ಮನಸ್ಸು ಏನು ಅಂತ ತಿಳಿಯಲು ನನಗೆ ಆ ಒಂದು ಸೌಲಭ್ಯವೇ ಸಾಕು. ಅದನ್ನು ಬರೆದವರಿಗೆ ಮೊದಲು ಕಂಡದ್ದು ಮನುಷ್ಯ. ಅವನು ಯಾವ ಕಂಪನಿಯ ಗಿರಾಕಿ ಅನ್ನುವುದು ಆಮೇಲಿನ ಮಾತು.

ಈಗ ಅದೇ ಗೆಳೆಯರು ನಾಲ್ಕೈದು ಆ್ಯಪ್‌ಗಳಲ್ಲಿ ಹಂಚಿಹೋಗಿದ್ದಾರೆ. ಒಂದು ಮಾತು ಎಲ್ಲಿ ಬಂದಿತ್ತು ಅಂತ ಹುಡುಕಬೇಕಾದರೆ ಒಂದೊಂದನ್ನೂ ತೆರೆದು ನೋಡಬೇಕು. ಇದನ್ನು ನಾವೆಲ್ಲ ಸಹಜ ಅಂತ ಒಪ್ಪಿಕೊಂಡುಬಿಟ್ಟಿದ್ದೇವೆ. ನನಗೆ ಇನ್ನೂ ಒಪ್ಪಿಕೊಳ್ಳಲು ಆಗಿಲ್ಲ. ಡೆಸ್ಕ್‌ಟಾಪ್‌ನ ಮುಕ್ತ ಚಾಟ್ ತಂತ್ರಾಂಶಗಳ, ಅಂದರೆ ಒಳಗಿನ ಕೋಡನ್ನು ಎಲ್ಲರಿಗೂ ತೆರೆದಿಟ್ಟ ಪ್ರೋಗ್ರಾಂಗಳ, ಕಥೆಯನ್ನು ಒಮ್ಮೆ ಸಮಾಧಾನವಾಗಿ ಹೇಳಬೇಕು ಅಂತ ಅನ್ನಿಸಿದ್ದು ಅದಕ್ಕೇ.

1996ರಲ್ಲಿ ಐಸಿಕ್ಯೂ ಎಂಬ ಚಾಟ್ ಸೇವೆ ಬಂತು. 1997ರಲ್ಲಿ ಎಓಎಲ್ ಕಂಪನಿ ತನ್ನ ಇನ್‌ಸ್ಟಂಟ್ ಮೆಸೆಂಜರ್ ಅನ್ನು ಹೊರತಂದಿತು. ಎಲ್ಲರೂ ಇದನ್ನು ಏಮ್ ಅಂತ ಕರೆಯುತ್ತಿದ್ದರು. 1998ರ ಕೊನೆಯಲ್ಲಿ ಮಾರ್ಕ್ ಸ್ಪೆನ್ಸರ್ ಎಂಬ ಹುಡುಗ ಲಿನಕ್ಸ್‌ನಲ್ಲಿ ಏಮ್ ಬಳಸಲು ತಾನೇ ಒಂದು ಪ್ರೋಗ್ರಾಂ ಬರೆದ. ಮುಂದೆ ಆಸ್ಟರಿಸ್ಕ್ ಎಂಬ ಟೆಲಿಫೋನ್ ಸಾಫ್ಟ್‌ವೇರ್ ಕಟ್ಟಿದ್ದೂ ಇದೇ ಸ್ಪೆನ್ಸರ್. ಆಗ ಅವನು ಬರೆದ ಚಾಟ್ ಪ್ರೋಗ್ರಾಮಿನ ಹೆಸರು ಗೇಮ್. ಅದೇ ಬೆಳೆದು ಮುಂದೆ ಪಿಡ್ಜಿನ್ ಆಯಿತು.

ಆ ದಿನಗಳಲ್ಲಿ ಇಂಥ ಪ್ರೋಗ್ರಾಂ ಬರೆಯುವುದು ಸುಲಭ ಇರಲಿಲ್ಲ. ಪ್ರೋಗ್ರಾಂ ಸರ್ವರ್ ಜೊತೆ ಮಾತಾಡುವ ನಿಯಮಗಳಿಗೆ ಪ್ರೋಟೊಕಾಲ್ ಅನ್ನುತ್ತಾರೆ. ಎಓಎಲ್ ಹತ್ತಿರ ಅಂಥವು ಎರಡು ಇದ್ದವು. ಒಂದರ ವಿವರವನ್ನು ಅವರೇ ಹೊರಗೆ ಕೊಟ್ಟಿದ್ದರು, ಆದರೆ ಅದರಲ್ಲಿ ಸೌಲಭ್ಯ ಕಡಿಮೆ. ಅವರ ಸ್ವಂತ ಪ್ರೋಗ್ರಾಂ ಬಳಸುತ್ತಿದ್ದ ಆಸ್ಕರ್ ಎಂಬ ಇನ್ನೊಂದು ಗುಟ್ಟಾಗಿತ್ತು. ಹಾಗಾಗಿ ಮುಕ್ತ ತಂತ್ರಾಂಶದವರು ನೆಟ್‌ವರ್ಕ್ ಮೇಲೆ ಹೋಗಿ ಬರುವ ಬೈಟ್‌ಗಳನ್ನು ಹಿಡಿದು ನೋಡುತ್ತಿದ್ದರು. ಇದು ಹೆಸರು ಇರಬೇಕು, ಇದು ಮೆಸೇಜ್ ಎಷ್ಟು ಉದ್ದ ಅನ್ನುವ ಅಂಕಿ ಇರಬೇಕು ಅಂತ ಊಹೆ ಮಾಡಿ, ಬರೆದು, ಪರೀಕ್ಷಿಸಿ, ಮತ್ತೆ ಬರೆಯುತ್ತಿದ್ದರು. ಯಾರೂ ಸಂಬಳ ಕೊಡುತ್ತಿರಲಿಲ್ಲ. ಬೇರೆ ಬೇರೆ ದೇಶಗಳಲ್ಲಿ ಕುಳಿತವರು ತಮಗೆ ಗೊತ್ತಾದದ್ದನ್ನು ಪರಸ್ಪರ ಹಂಚಿಕೊಂಡರು. ನನಗೆ ಈ ಕೆಲಸದ ಮೇಲಿರುವ ಗೌರವ ವರ್ಷ ಕಳೆದ ಹಾಗೆ ಜಾಸ್ತಿಯೇ ಆಗಿದೆ.

ಕಂಪನಿಗಳಿಗೆ ಇದು ಇಷ್ಟ ಇರಲಿಲ್ಲ. 1999ರ ಜುಲೈನಲ್ಲಿ ಮೈಕ್ರೋಸಾಫ್ಟ್ ತನ್ನ ಎಂಎಸ್‌ಎನ್ ಮೆಸೆಂಜರ್ ಬಿಡುಗಡೆ ಮಾಡಿದಾಗ, ಅದರಿಂದ ಏಮ್‌ನಲ್ಲಿರುವವರ ಜೊತೆಯೂ ಮಾತಾಡಬಹುದಿತ್ತು. ಎಓಎಲ್ ಕೂಡಲೇ ತಡೆಯಿತು. ಮೈಕ್ರೋಸಾಫ್ಟ್ ದಾರಿ ಬದಲಿಸಿತು. ಎಓಎಲ್ ಮತ್ತೆ ತಡೆಯಿತು. ಕೊನೆಗೆ ಎಓಎಲ್ ತನ್ನದೇ ಪ್ರೋಗ್ರಾಮಿನಲ್ಲಿದ್ದ ಬಫರ್ ಓವರ್‌ಫ್ಲೋ ದೋಷವನ್ನು ಬಳಸಿ, ಎದುರಿಗಿರುವುದು ಅಸಲಿ ಏಮ್ ಹೌದೋ ಅಲ್ಲವೋ ಅಂತ ಪರೀಕ್ಷೆ ಮಾಡತೊಡಗಿತು. ಅಂದರೆ ಲಕ್ಷಾಂತರ ಜನರ ಕಂಪ್ಯೂಟರಿನಲ್ಲಿದ್ದ ಒಂದು ಭದ್ರತಾ ದೋಷವನ್ನು ಸರಿಪಡಿಸುವ ಬದಲು, ಬೇರೆಯವರನ್ನು ಹೊರಗಿಡಲು ಅದನ್ನೇ ಉಪಯೋಗಿಸಿತು. ಸರ್ವರ್ ಇನ್ನೊಂದು ರೀತಿಯಲ್ಲೂ ಪರೀಕ್ಷೆ ಮಾಡುತ್ತಿತ್ತು. ಏಮ್ ಪ್ರೋಗ್ರಾಮಿನ ಇಂಥ ಜಾಗದಿಂದ ಇಷ್ಟು ಬೈಟ್‌ಗಳನ್ನು ತೆಗೆದು, ಅದರ ಹ್ಯಾಶ್, ಅಂದರೆ ಆ ಬೈಟ್‌ಗಳಿಂದ ಹುಟ್ಟುವ ಗುರುತಿನ ಅಂಕಿ, ಲೆಕ್ಕ ಮಾಡಿ ಕಳಿಸು ಅಂತ ಕೇಳುತ್ತಿತ್ತು. ಅಸಲಿ ಪ್ರೋಗ್ರಾಂ ಇಲ್ಲದವರು ಉತ್ತರ ಎಲ್ಲಿಂದ ಕೊಡಬೇಕು? ಈ ಜಗಳದಲ್ಲಿ ಇಬ್ಬರು ಗೆಳೆಯರು ಮಾತಾಡಿಕೊಳ್ಳಬೇಕು ಅನ್ನುವುದು ಯಾರಿಗೂ ನೆನಪಿರಲಿಲ್ಲ.

ಹೆಸರಿನ ವಿಷಯದಲ್ಲೂ ತಕರಾರು ಬಂತು. ಗೇಮ್ ಅನ್ನುವ ಹೆಸರಿನೊಳಗೆ ಏಮ್ ಇದೆ, ಅದು ತನ್ನ ಟ್ರೇಡ್‌ಮಾರ್ಕ್ ಅಂತ ಎಓಎಲ್ ವರ್ಷಗಟ್ಟಲೆ ಪಟ್ಟು ಹಿಡಿಯಿತು. 2007ರ ಏಪ್ರಿಲ್‌ನಲ್ಲಿ ಗೇಮ್ ಪಿಡ್ಜಿನ್ ಆಯಿತು. ಒಳಗಿನ ಲೈಬ್ರರಿಗೆ ಲಿಬ್‌ಪರ್ಪಲ್ ಅಂತ ಹೆಸರಿಟ್ಟರು.

ಈ ಲಿಬ್‌ಪರ್ಪಲ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಚಾಟ್ ಪ್ರೋಗ್ರಾಮಿನಲ್ಲಿ ಎರಡು ಭಾಗ ಇರುತ್ತದೆ. ಕಣ್ಣಿಗೆ ಕಾಣುವ ಕಿಟಕಿಗಳು ಒಂದು. ಸರ್ವರ್ ಜೊತೆ ಮಾತಾಡುವ ಒಳಗಿನ ಯಂತ್ರ ಇನ್ನೊಂದು. ಪಿಡ್ಜಿನ್ ತಂಡ ಎರಡನ್ನೂ ಬೇರೆ ಬೇರೆ ಮಾಡಿತು. ಒಳಗಿನ ಯಂತ್ರವನ್ನು ಯಾರು ಬೇಕಾದರೂ ತೆಗೆದುಕೊಂಡು ಹೋಗಬಹುದಿತ್ತು. ಮ್ಯಾಕ್ ಬಳಸುವವರಿಗೆ ಅಡಿಯಂ ಸಿಕ್ಕಿದ್ದು ಹೀಗೆ. ಹಸಿರು ಬಾತುಕೋಳಿಯ ಚಿತ್ರ ಹೊತ್ತ ಅಡಿಯಂ ನೋಡಲು ಪಿಡ್ಜಿನ್ ಥರ ಇರಲೇ ಇಲ್ಲ, ಮ್ಯಾಕ್‌ನಲ್ಲೇ ಹುಟ್ಟಿದ ಹಾಗಿತ್ತು. ಆದರೆ ಒಳಗಿದ್ದದ್ದು ಲಿಬ್‌ಪರ್ಪಲ್. ಬರೀ ಟರ್ಮಿನಲ್‌ನಲ್ಲಿ ಕೆಲಸ ಮಾಡುವವರಿಗೆ ಅದೇ ಯಂತ್ರದ ಮೇಲೆ ಫಿಂಚ್ ಬಂತು. ಯಾಹೂ ತನ್ನ ಪ್ರೋಟೊಕಾಲ್ ಬದಲಿಸಿದಾಗ ಒಬ್ಬರು ಸರಿಮಾಡಿದರೆ ಸಾಕು, ಎಲ್ಲರಿಗೂ ಸರಿಹೋಗುತ್ತಿತ್ತು. ಕೋಡನ್ನು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಲು ಬಿಡುವ ಜಿಪಿಎಲ್ ಲೈಸೆನ್ಸ್‌ನಿಂದ ಏನು ಲಾಭ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ವಿಂಡೋಸ್‌ನಲ್ಲಿ ಹಗುರವಾದ ಮಿರಾಂಡಾ ಇತ್ತು, ಲಿನಕ್ಸ್‌ನಲ್ಲಿ ಕೆಡಿಇ ಎಂಬ ಡೆಸ್ಕ್‌ಟಾಪ್ ಬಳಸುವವರಿಗೆ ಕೊಪೆಟೆ ಇತ್ತು. ಅವಕ್ಕೂ ಅಭಿಮಾನಿಗಳಿದ್ದರು.

ಇಷ್ಟೆಲ್ಲ ಆದರೂ ಒಂದು ದೊಡ್ಡ ಕೊರತೆ ಉಳಿದಿತ್ತು. ಪಿಡ್ಜಿನ್‌ನ ಸೋರ್ಸ್ ಕೋಡ್ ಪೂರ್ತಿ ಮುಕ್ತ. ಆದರೆ ಅದು ಹೋಗಿ ಸೇರುತ್ತಿದ್ದ ಸರ್ವರ್‌ಗಳು ಬೇರೆಯವರವು. ಅವರು ಬೇಡ ಅಂದ ದಿನ ಕಿಟಕಿ ಇರುತ್ತದೆ, ಮಾತಾಡಲು ಯಾರೂ ಇರುವುದಿಲ್ಲ. ಬಾಡಿಗೆ ಮನೆಗೆ ಎಷ್ಟು ಚೆಂದದ ಬಾಗಿಲು ಹಾಕಿಸಿದರೂ ಮಾಲೀಕ ಖಾಲಿ ಮಾಡು ಅಂದರೆ ಹೊರಡಲೇಬೇಕಲ್ವಾ, ಹಾಗೆ.

ಈ ಕೊರತೆಗೆ ಬುಡದಿಂದಲೇ ಉತ್ತರ ಹುಡುಕಿದವನು ಜೆರೆಮಿ ಮಿಲ್ಲರ್. 1999ರ ಜನವರಿಯಲ್ಲಿ ಅವನು ಜ್ಯಾಬರ್ ಯೋಜನೆಯನ್ನು ಘೋಷಿಸಿದ. ಯೋಚನೆ ತುಂಬ ಸರಳ. ಇಮೇಲ್ ಹೇಗೆ ಕೆಲಸ ಮಾಡುತ್ತದೋ ಚಾಟ್ ಕೂಡ ಹಾಗೇ ಕೆಲಸ ಮಾಡಲಿ. ನನ್ನ ಖಾತೆ ಒಂದು ಸರ್ವರ್‌ನಲ್ಲಿ, ನಿಮ್ಮದು ಇನ್ನೊಂದರಲ್ಲಿ. ವಿಳಾಸವೂ ಇಮೇಲ್ ಥರವೇ, ಮೊದಲು ಹೆಸರು, ಆಮೇಲೆ ಸರ್ವರ್. ನಾನು ಬರೆದ ಮೆಸೇಜ್ ಮೊದಲು ನನ್ನ ಸರ್ವರ್‌ಗೆ ಹೋಗುತ್ತದೆ. ಅದು ನಿಮ್ಮ ಸರ್ವರ್ ಎಲ್ಲಿದೆ ಅಂತ ಇಂಟರ್ನೆಟ್‌ನ ವಿಳಾಸ ಪುಸ್ತಕದಂತಿರುವ ಡಿಎನ್‌ಎಸ್‌ನಲ್ಲಿ ಕೇಳಿ ತಿಳಿದುಕೊಂಡು, ನೇರವಾಗಿ ಅದನ್ನೇ ಸಂಪರ್ಕಿಸಿ ಮೆಸೇಜ್ ದಾಟಿಸುತ್ತದೆ. ನಡುವೆ ಯಾವ ದೊಡ್ಡ ಯಜಮಾನನೂ ಇಲ್ಲ. ಬೇಕಾದರೆ ಮನೆಯ ಹಳೆಯ ಕಂಪ್ಯೂಟರಿನಲ್ಲೇ ಸರ್ವರ್ ನಡೆಸಬಹುದು. ಇಂಟರ್ನೆಟ್‌ನ ನಿಯಮಗಳನ್ನು ಬರೆಯುವ ಐಇಟಿಎಫ್ ಸಂಸ್ಥೆ 2004ರ ಅಕ್ಟೋಬರ್‌ನಲ್ಲಿ ಇದನ್ನು ಎಕ್ಸ್‌ಎಂಪಿಪಿ ಎಂಬ ಹೆಸರಲ್ಲಿ ಪ್ರಕಟಿಸಿತು.

ಆಮೇಲೆ ಕೆಲವು ವರ್ಷ ನಿಜಕ್ಕೂ ಭರವಸೆಯವು. 2005ರ ಆಗಸ್ಟ್‌ನಲ್ಲಿ ಗೂಗಲ್ ಟಾಕ್ ಬಂತು, ಅದೂ ಎಕ್ಸ್‌ಎಂಪಿಪಿ ಮೇಲೆ. 2006ರ ಜನವರಿಯಲ್ಲಿ ಗೂಗಲ್ ತನ್ನ ಸರ್ವರ್ ಅನ್ನು ಬೇರೆ ಸರ್ವರ್‌ಗಳಿಗೂ ತೆರೆಯಿತು. ಯಾರೋ ಸ್ವಂತವಾಗಿ ನಡೆಸುವ ಪುಟ್ಟ ಸರ್ವರ್‌ನಿಂದ ಜಿಮೇಲ್ ಖಾತೆ ಇರುವವರಿಗೆ ಮೆಸೇಜ್ ಹೋಗುತ್ತಿತ್ತು, ಉತ್ತರ ಬರುತ್ತಿತ್ತು. 2010ರಲ್ಲಿ ಫೇಸ್‌ಬುಕ್ ಚಾಟ್ ಕೂಡ ಎಕ್ಸ್‌ಎಂಪಿಪಿ ಬಾಗಿಲು ತೆರೆಯಿತು. ಹೊರಗಿನ ಸರ್ವರ್‌ಗಳಿಗೆ ಅಲ್ಲಿ ಪ್ರವೇಶ ಇರಲಿಲ್ಲ, ಆದರೆ ಪಿಡ್ಜಿನ್‌ನಲ್ಲಿ ಫೇಸ್‌ಬುಕ್ ಗೆಳೆಯರು ಕಾಣುತ್ತಿದ್ದರು. ಬೈಟ್ ಹಿಡಿದು ಊಹೆ ಮಾಡುವ ಕಷ್ಟ ಇಲ್ಲ, ಕಳ್ಳದಾರಿ ಇಲ್ಲ. ಚಾಟ್ ಕೂಡ ಇಮೇಲ್ ಥರ ಎಲ್ಲರದ್ದೂ ಆಗಿಬಿಡುತ್ತದೆ ಅಂತ ನಾನು ಆಗ ಪೂರ್ತಿ ನಂಬಿದ್ದೆ.

2013ರಲ್ಲಿ ಗೂಗಲ್ ಹ್ಯಾಂಗೌಟ್ಸ್ ತಂದಿತು, ಅದರಲ್ಲಿ ಬೇರೆ ಸರ್ವರ್‌ಗಳಿಗೆ ಜಾಗ ಇರಲಿಲ್ಲ. 2015ರಲ್ಲಿ ಫೇಸ್‌ಬುಕ್ ತನ್ನ ಬಾಗಿಲು ಮುಚ್ಚಿತು. 2022ರ ಜೂನ್‌ನಲ್ಲಿ ಗೂಗಲ್ ಟಾಕ್ ಕೊನೆಗೂ ನಿಂತಿತು. ಪಿಡ್ಜಿನ್ ಮತ್ತು ಗಜಿಮ್‌ನಂಥ ಹೊರಗಿನ ಪ್ರೋಗ್ರಾಂಗಳಿಗೆ ಇನ್ನು ಬೆಂಬಲ ಇಲ್ಲ ಅಂತ ಗೂಗಲ್ ಹೆಸರು ಹಿಡಿದೇ ಹೇಳಿತು.

ಎಲ್ಲ ತಪ್ಪನ್ನೂ ಕಂಪನಿಗಳ ಮೇಲೆ ಹೊರಿಸಿದರೆ ಅದು ಪೂರ್ತಿ ಸತ್ಯ ಆಗುವುದಿಲ್ಲ. ಎಕ್ಸ್‌ಎಂಪಿಪಿ ಹುಟ್ಟಿದ್ದು ಡೆಸ್ಕ್‌ಟಾಪ್ ಕಾಲದಲ್ಲಿ. ಕಂಪ್ಯೂಟರ್ ಆನ್ ಇದೆ, ಕೇಬಲ್ ಸಿಕ್ಕಿಸಿದೆ, ಸಂಪರ್ಕ ಕಡಿಯುವುದಿಲ್ಲ ಅಂತ ಅದು ಅಂದುಕೊಂಡಿತ್ತು. ಫೋನ್ ಹಾಗಲ್ಲ. ಲಿಫ್ಟ್ ಒಳಗೆ ಹೋದರೆ ಸಿಗ್ನಲ್ ಹೋಗುತ್ತದೆ, ಸದಾ ಸಂಪರ್ಕ ಹಿಡಿದುಕೊಂಡರೆ ಬ್ಯಾಟರಿ ಇಳಿಯುತ್ತದೆ. ಫೋನಿನಲ್ಲಿ ಬಂದ ಮೆಸೇಜ್ ಕಂಪ್ಯೂಟರಿನಲ್ಲೂ ಕಾಣಬೇಕು. ಇವಕ್ಕೆಲ್ಲ ಎಕ್ಸ್‌ಎಂಪಿಪಿಯಲ್ಲಿ ಪರಿಹಾರ ಬಂತು, ಆದರೆ ಹೆಚ್ಚುವರಿ ನಿಯಮಗಳಾಗಿ, ಒಂದೊಂದಾಗಿ, ತಡವಾಗಿ. ಒಂದು ಪ್ರೋಗ್ರಾಂ ಒಂದನ್ನು ಅಳವಡಿಸಿಕೊಂಡರೆ ಇನ್ನೊಂದು ಬಿಟ್ಟಿರುತ್ತಿತ್ತು. ಫೈಲ್ ಕಳಿಸುವುದಂತೂ ಎಷ್ಟೋ ಸಲ ಸುಮ್ನೆ ಅರ್ಧಕ್ಕೇ ನಿಲ್ಲುತ್ತಿತ್ತು. ಅಷ್ಟರಲ್ಲಿ ಫೋನ್ ನಂಬರ್ ಕೊಟ್ಟರೆ ಸಾಕು, ಉಳಿದದ್ದು ತಾನೇ ಆಗುತ್ತದೆ ಅನ್ನುವ ಆ್ಯಪ್‌ಗಳು ಬಂದವು. ಜನ ಅತ್ತ ಹೋದರು. ಹೋದವರನ್ನು ದೂರಲು ನನಗೆ ಮನಸ್ಸಿಲ್ಲ. ಎಲ್ಲರೂ ಎಲ್ಲಿರುತ್ತಾರೋ ಅಲ್ಲಿಗೆ ಹೋಗುವುದು ಸಹಜ.

ಆದರೆ ಹೋಗುವಾಗ ಕೈಬಿಟ್ಟು ಹೋದದ್ದರಲ್ಲಿ ನನಗೆ ತುಂಬ ಮುಖ್ಯ ಅನ್ನಿಸುವುದು ನಮ್ಮ ಮಾತುಗಳ ದಾಖಲೆ. ಪಿಡ್ಜಿನ್ ಎಲ್ಲ ಮಾತನ್ನೂ ನಮ್ಮ ಕಂಪ್ಯೂಟರಿನಲ್ಲೇ ಉಳಿಸುತ್ತದೆ. ಪರ್ಪಲ್ ಎಂಬ ಫೋಲ್ಡರ್, ಅದರೊಳಗೆ ಲಾಗ್ಸ್. ಅದರೊಳಗೆ ಪ್ರತಿ ಸೇವೆಗೊಂದು ಫೋಲ್ಡರ್, ಪ್ರತಿ ಖಾತೆಗೊಂದು, ಪ್ರತಿ ಗೆಳೆಯರಿಗೊಂದು. ಒಂದೊಂದು ಮಾತುಕತೆಯೂ ತಾರೀಖು, ಸಮಯವನ್ನೇ ಹೆಸರಾಗಿ ಇಟ್ಟುಕೊಂಡ ಒಂದು ಫೈಲ್. ಎಚ್‌ಟಿಎಂಎಲ್ ಅಥವಾ ಬರೀ ಪಠ್ಯ. ಅದನ್ನು ಓದಲು ಪಿಡ್ಜಿನ್ ಕೂಡ ಬೇಕಿಲ್ಲ, ಬ್ರೌಸರ್ ಇದ್ದರೆ ಸಾಕು, ನೋಟ್‌ಪ್ಯಾಡ್ ಇದ್ದರೂ ಸಾಕು.

ಎಂಎಸ್‌ಎನ್ ಮೆಸೆಂಜರ್ 2013ರಲ್ಲಿ ಹೆಚ್ಚಿನ ದೇಶಗಳಲ್ಲಿ ನಿಂತಿತು. ಏಮ್ 2017ರ ಡಿಸೆಂಬರ್ 15ರಂದು, ಯಾಹೂ ಮೆಸೆಂಜರ್ 2018ರ ಜುಲೈ 17ರಂದು. ಎಲ್ಲಕ್ಕಿಂತ ಮೊದಲು ಬಂದಿದ್ದ ಐಸಿಕ್ಯೂ 2024ರ ಜೂನ್ 26ರವರೆಗೂ ಉಸಿರು ಹಿಡಿದಿತ್ತು. ಆ ಸರ್ವರ್‌ಗಳೆಲ್ಲ ಈಗ ಇಲ್ಲ. ನನ್ನ ಲಾಗ್ಸ್ ಫೋಲ್ಡರ್ ಮಾತ್ರ ಒಂದು ಡಿಸ್ಕ್‌ನಿಂದ ಇನ್ನೊಂದು ಡಿಸ್ಕ್‌ಗೆ ಸಾಗುತ್ತಾ ಇನ್ನೂ ನನ್ನ ಹತ್ತಿರವೇ ಇದೆ. ಅದರಲ್ಲಿ ದೊಡ್ಡ ವಿಷಯಗಳೇನೂ ಇಲ್ಲ. ಪರೀಕ್ಷೆಯ ಭಯ, ಪ್ರಿಂಟರ್ ಸರಿಮಾಡುವ ಬಗೆ, ಯಾರದ್ದೋ ಮದುವೆಗೆ ಹೋಗುವ ಯೋಜನೆ, ರಾತ್ರಿ ಒಂದು ಗಂಟೆಗೆ ನಡೆದ ವಾದ. ಒಂದು ಪದ ಕೊಟ್ಟು ಹುಡುಕಿದರೆ ಎಲ್ಲ ವರ್ಷಗಳಿಂದಲೂ ಸಾಲುಗಳು ಬಂದು ನಿಲ್ಲುತ್ತವೆ. ಈಗಿನ ಆ್ಯಪ್‌ಗಳಲ್ಲಿ ನನ್ನದೇ ಮಾತನ್ನು ಇಷ್ಟು ಸರಳವಾಗಿ ಕೈಯಲ್ಲಿ ಹಿಡಿಯಲು ಆಗುವುದಿಲ್ಲ. ಇದನ್ನು ನಾನು ಸಣ್ಣ ನಷ್ಟ ಅಂತ ಎಣಿಸುವುದಿಲ್ಲ.

ಎಲ್ಲವನ್ನೂ ಹೀಗೆ ಬಿಚ್ಚಿಟ್ಟರೆ ಗುಟ್ಟು ಉಳಿಯುವುದು ಹೇಗೆ ಅಂತ ಕೇಳಬಹುದು. ಸರಿಯಾದ ಪ್ರಶ್ನೆ. ಪಿಡ್ಜಿನ್ ಪಾಸ್‌ವರ್ಡ್‌ಗಳನ್ನು ಕೂಡ ಹಾಗೇ ಬರೀ ಪಠ್ಯವಾಗಿ ಇಡುತ್ತಿತ್ತು ಅಂತ ಬಹಳ ಜನ ಬೈದಿದ್ದಾರೆ. ತಂಡದ ಉತ್ತರ ನೇರವಾಗಿತ್ತು. ಬೀಗ ಹಾಕಿ ಕೀಲಿಯನ್ನೂ ಅದೇ ಡಿಸ್ಕ್‌ನಲ್ಲಿ ಇಟ್ಟರೆ ಅದು ಭದ್ರತೆ ಅಲ್ಲ, ಭದ್ರತೆಯ ಭ್ರಮೆ. ಫೈಲನ್ನು ಬೇರೆಯವರು ಓದದ ಹಾಗೆ ಕಾಪಾಡಬೇಕಾದದ್ದು ಆಪರೇಟಿಂಗ್ ಸಿಸ್ಟಮ್. ಪಾಸ್‌ವರ್ಡ್ ಉಳಿಸುವುದು ಬೇಡ ಅಂದರೆ ಬಿಡಿ ಅಂದರು. ಈ ವಾದ ಎಲ್ಲರಿಗೂ ಹಿಡಿಸಲಿಲ್ಲ. ನನಗೆ ಅದರ ಪ್ರಾಮಾಣಿಕತೆ ಇಷ್ಟ.

ಗುಟ್ಟಿನ ವಿಷಯದಲ್ಲಿ ಈ ಲೋಕ ಕೊಟ್ಟ ನಿಜವಾದ ಕಾಣಿಕೆ ಬೇರೆಯದು. 2004ರಲ್ಲಿ ನಿಕಿತಾ ಬೊರಿಸೊವ್, ಇಯಾನ್ ಗೋಲ್ಡ್‌ಬರ್ಗ್, ಎರಿಕ್ ಬ್ರೂವರ್ ಎಂಬ ಮೂವರು ಸಂಶೋಧಕರು ಆಫ್ ದ ರೆಕಾರ್ಡ್ ಎಂಬ ಗೂಢಲಿಪಿ ವಿಧಾನವನ್ನು ಮುಂದಿಟ್ಟರು. ಚಿಕ್ಕದಾಗಿ ಓಟಿಆರ್. ಎದುರುಬದುರು ಕುಳಿತು ಆಡಿದ ಮಾತಿಗೆ ಯಾವ ಗುಣಗಳಿವೆಯೋ ಅವು ಚಾಟ್‌ಗೂ ಬರಬೇಕು ಅನ್ನುವುದು ಅವರ ಆಸೆ. ಮಾತು ಇಬ್ಬರಿಗಷ್ಟೇ ಕೇಳಬೇಕು. ನಾಳೆ ಯಾರೋ ನನ್ನ ಕೀಲಿ ಕದ್ದರೂ ನಿನ್ನೆಯ ಮಾತು ಬಿಚ್ಚಿಕೊಳ್ಳಬಾರದು. ನನ್ನ ಎದುರಿಗಿರುವುದು ನೀವೇ ಅಂತ ನನಗೆ ಖಾತ್ರಿ ಇರಬೇಕು, ಆದರೆ ನೀವು ಹೀಗೆ ಹೇಳಿದಿರಿ ಅಂತ ಮೂರನೆಯವರಿಗೆ ಸಾಬೀತು ಮಾಡಲು ನನ್ನಿಂದ ಆಗಬಾರದು. ಈ ಕೊನೆಯದಕ್ಕೆ ಅವರು ಕಂಡುಕೊಂಡ ಉಪಾಯ ಬಹಳ ಚೆಂದ. ಮೆಸೇಜ್ ಅಸಲಿ ಅಂತ ಪರೀಕ್ಷಿಸಲು ಬಳಸಿದ ಕೀಲಿಯನ್ನು, ಕೆಲಸ ಮುಗಿದ ಮೇಲೆ, ಬಹಿರಂಗವಾಗಿ ಬಿಟ್ಟುಬಿಡುವುದು. ಆಮೇಲೆ ಅಂಥ ಮೆಸೇಜನ್ನು ಯಾರು ಬೇಕಾದರೂ ತಯಾರಿಸಬಹುದಾದ್ದರಿಂದ ಅದು ಯಾರ ವಿರುದ್ಧವೂ ಸಾಕ್ಷಿ ಆಗುವುದಿಲ್ಲ.

ಓಟಿಆರ್ ಪಿಡ್ಜಿನ್‌ಗೆ ಒಂದು ಪ್ಲಗಿನ್ ಆಗಿ, ಅಂದರೆ ಮೇಲಿಂದ ಜೋಡಿಸುವ ಪುಟ್ಟ ಪ್ರೋಗ್ರಾಂ ಆಗಿ, ಬಂತು. ಯಾಹೂ ಇರಲಿ, ಏಮ್ ಇರಲಿ, ಅದರ ಮೇಲೆಯೇ ಕೆಲಸ ಮಾಡುತ್ತಿತ್ತು. ಕಂಪನಿಯ ಸರ್ವರ್‌ಗೆ ಕಾಣುತ್ತಿದ್ದದ್ದು ಓಟಿಆರ್ ಅಂತ ಶುರುವಾಗುವ, ಅರ್ಥವಾಗದ ಅಕ್ಷರಗಳ ಸಾಲು ಮಾತ್ರ. ಕಂಪನಿಯ ಅನುಮತಿ ಕೇಳದೆ, ಅವರದೇ ನೆಟ್‌ವರ್ಕ್ ಮೇಲೆ, ಇಬ್ಬರು ಸಾಮಾನ್ಯ ಜನ ತಮ್ಮ ಮಾತನ್ನು ಕಾಪಾಡಿಕೊಳ್ಳಬಹುದಾಗಿತ್ತು. ಕಿಟಕಿ ನಮ್ಮ ಕೈಯಲ್ಲಿದ್ದದ್ದರಿಂದಲೇ ಇದು ಸಾಧ್ಯವಾಯಿತು. ಮುಂದೆ ಸಿಗ್ನಲ್ ಎಂಬ ಚಾಟ್ ಆ್ಯಪ್ ತನ್ನ ಪ್ರೋಟೊಕಾಲ್ ಕಟ್ಟಿದಾಗ ಓಟಿಆರ್‌ನ ಯೋಚನೆಗಳನ್ನೇ ಮುಂದುವರಿಸಿತು. 2016ರಲ್ಲಿ ವಾಟ್ಸ್‌ಆ್ಯಪ್ ಎಲ್ಲ ಮಾತಿಗೂ ಅದೇ ಪ್ರೋಟೊಕಾಲ್ ಹಾಕಿತು. ಜಗತ್ತು ಇವತ್ತು ಬಳಸುವ ಗೂಢಲಿಪಿಯ ಒಂದು ಬೇರು ಹೀಗೆ ಡೆಸ್ಕ್‌ಟಾಪ್ ಚಾಟ್‌ನ ಪ್ಲಗಿನ್ ಒಂದರಲ್ಲಿದೆ. ಓಟಿಆರ್‌ಗೆ ಇಬ್ಬರೂ ಒಂದೇ ಹೊತ್ತಿಗೆ ಆನ್‌ಲೈನ್ ಇರಬೇಕಿತ್ತು. ಆ ತೊಡಕನ್ನು ಬಿಡಿಸಿ, ಹಲವು ಸಾಧನಗಳಲ್ಲೂ ನಡೆಯುವ ಒಮೆಮೊ ಎಂಬ ಗೂಢಲಿಪಿ ವಿಧಾನ 2015ರಲ್ಲಿ ಎಕ್ಸ್‌ಎಂಪಿಪಿಗೆ ಬಂತು.

ಇದೇ ಪ್ಲಗಿನ್ ವ್ಯವಸ್ಥೆಯಿಂದ ಪೆಟ್ಟೂ ಬಿದ್ದಿದೆ. 2024ರ ಜುಲೈನಲ್ಲಿ ಪಿಡ್ಜಿನ್‌ನ ಹೊರಗಿನ ಪ್ಲಗಿನ್‌ಗಳ ಪಟ್ಟಿಗೆ ಸ್ಕ್ರೀನ್ ಹಂಚಿಕೊಳ್ಳುವ ಪ್ಲಗಿನ್ ಒಂದು ಸೇರಿತು. ಅದರೊಳಗೆ ಕೀಲಿಮಣೆಯ ಒತ್ತುಗಳನ್ನು ಕದಿಯುವ ಕೋಡ್ ಇದೆ ಅಂತ ಆಗಸ್ಟ್‌ನಲ್ಲಿ ಗೊತ್ತಾಯಿತು. ಅದರ ಸೋರ್ಸ್ ಕೋಡ್ ಕೊಟ್ಟಿರಲಿಲ್ಲ, ಬರೀ ತಯಾರಾದ ಫೈಲ್ ಇತ್ತು. ತಂಡ ಅದನ್ನು ತೆಗೆದುಹಾಕಿ, ನಡೆದದ್ದನ್ನು ಎಲ್ಲರಿಗೂ ತಿಳಿಸಿತು. ಮುಕ್ತ ಲೈಸೆನ್ಸ್ ಇಲ್ಲದ ಪ್ಲಗಿನ್‌ಗೆ ಇನ್ನು ಪಟ್ಟಿಯಲ್ಲಿ ಜಾಗ ಇಲ್ಲ ಅಂತ ನಿಯಮ ಮಾಡಿತು. ಆ ನಿಯಮ ಮೊದಲಿಂದಲೇ ಇರಬೇಕಿತ್ತು ಅಂತ ನನಗೆ ಅನ್ನಿಸುತ್ತದೆ.

ಈಗ ಚಾಟ್ ಆ್ಯಪ್ ಆರಿಸುವಾಗ ಕೋಡ್ ಮುಕ್ತವೇ ಅಂತ ಕೇಳಿ ನಾನು ಅಲ್ಲಿಗೇ ನಿಲ್ಲಿಸುವುದಿಲ್ಲ. ಟೆಲಿಗ್ರಾಂನ ಡೆಸ್ಕ್‌ಟಾಪ್ ಪ್ರೋಗ್ರಾಂ ಮುಕ್ತ, ಸರ್ವರ್ ಅಲ್ಲ. ಸಿಗ್ನಲ್ ತನ್ನ ಸರ್ವರ್ ಕೋಡ್ ಕೂಡ ಹೊರಗಿಟ್ಟಿದೆ, ಗುಟ್ಟು ಕಾಪಾಡುವುದರಲ್ಲಿ ಅದರ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ. ಆದರೆ ನಾನು ಅದೇ ಕೋಡ್ ತಂದು ಸ್ವಂತ ಸರ್ವರ್ ನಡೆಸಿದರೆ ಅಲ್ಲಿಂದ ಸಿಗ್ನಲ್‌ನಲ್ಲಿರುವ ನಿಮ್ಮ ಜೊತೆ ಮಾತಾಡಲು ಆಗುವುದಿಲ್ಲ. ಹಾಗಾಗಿ ನನ್ನ ಎರಡನೇ ಪ್ರಶ್ನೆ, ನನ್ನ ಸರ್ವರ್ ಬದಲಿಸಿದರೂ ಗೆಳೆಯರ ಜೊತೆ ಮಾತು ಮುಂದುವರಿಯುತ್ತದಾ? ಹೌದು ಅಂತ ಉತ್ತರ ಕೊಡುವವು ಕಡಿಮೆ. ಎಕ್ಸ್‌ಎಂಪಿಪಿ ಕೊಡುತ್ತದೆ. 2014ರಲ್ಲಿ ಶುರುವಾದ ಮ್ಯಾಟ್ರಿಕ್ಸ್ ಎಂಬ ಮುಕ್ತ ಚಾಟ್ ಜಾಲ ಕೊಡುತ್ತದೆ. ಇಮೇಲನ್ನೇ ಚಾಟ್ ಥರ ಬಳಸುವ ಡೆಲ್ಟಾ ಚಾಟ್ ಕೂಡ.

ಮ್ಯಾಟ್ರಿಕ್ಸ್ ಬಗ್ಗೆ ನನಗೆ ಆಸೆ ಇದೆ. ಒಂದು ಗುಂಪಿನ ಮಾತುಕತೆ ಅಲ್ಲಿ ಯಾವ ಒಂದು ಸರ್ವರ್‌ನ ಸೊತ್ತೂ ಅಲ್ಲ. ಗುಂಪಿನಲ್ಲಿರುವ ಎಲ್ಲರ ಸರ್ವರ್‌ಗಳಲ್ಲೂ ಅದರ ಪ್ರತಿ ಇರುತ್ತದೆ, ಒಂದು ಸರ್ವರ್ ಬಿದ್ದರೂ ಉಳಿದವರ ಮಾತು ನಿಲ್ಲುವುದಿಲ್ಲ. ಫ್ರಾನ್ಸ್ ಸರ್ಕಾರ ತನ್ನ ನೌಕರರಿಗೆ 2019ರಲ್ಲಿ ತಂದ ಚಾಪ್ ಎಂಬ ಚಾಟ್ ಆ್ಯಪ್ ನಿಂತಿರುವುದು ಇದರ ಮೇಲೆ. ಬೇರೆ ಸೇವೆಗಳಿಗೆ ಸೇತುವೆ ಕಟ್ಟುವ ಪ್ರೋಗ್ರಾಂಗಳೂ ಇವೆ. ಆದರೆ ಅದರ ಮುಖ್ಯ ಡೆಸ್ಕ್‌ಟಾಪ್ ಪ್ರೋಗ್ರಾಂ ಎಲಿಮೆಂಟ್ ಒಳಗೆ ಒಂದು ಇಡೀ ಬ್ರೌಸರ್ ಇದೆ. ಹಳೆಯ ಕಂಪ್ಯೂಟರಿನಲ್ಲಿ ಅದು ಏದುಸಿರು ಬಿಡುತ್ತದೆ. ಪಿಡ್ಜಿನ್‌ನ ಹಗುರ ಅನುಭವಿಸಿದವರಿಗೆ ಈ ಭಾರ ಸಹಿಸುವುದು ಕಷ್ಟ.

ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆ 2024ರ ಮಾರ್ಚ್‌ನಿಂದ ದೊಡ್ಡ ಕಂಪನಿಗಳ ಮೇಲೆ ಹೊಣೆ ಹೊರಿಸಿದೆ. ಬೇರೆ ಚಾಟ್ ಸೇವೆಯವರು ಕೇಳಿದರೆ ವಾಟ್ಸ್‌ಆ್ಯಪ್, ಮೆಸೆಂಜರ್‌ನಂಥವು ಅಲ್ಲಿ ಅವರ ಜೊತೆ ಮಾತು ಹಂಚಿಕೊಳ್ಳಲು ದಾರಿ ಮಾಡಿಕೊಡಬೇಕು. ರಾತ್ರಿಯಿಡೀ ಬೈಟ್‌ಗಳನ್ನು ಹಿಡಿದು ಊಹೆ ಮಾಡುತ್ತಿದ್ದವರ ಬೇಡಿಕೆ ಈಗ ಕಾನೂನಿನ ಪುಸ್ತಕಕ್ಕೆ ಬಂದಿದೆ. ಜಾರಿಗೆ ಬರುವಾಗ ಅದು ಎಷ್ಟು ಸಣ್ಣದಾಗುತ್ತದೋ ನೋಡಬೇಕು. ಆದರೂ ನನಗೆ ಇದು ಖುಷಿಯ ವಿಷಯ.

ಪಿಡ್ಜಿನ್ ತಂಡ ಮೂರನೇ ಆವೃತ್ತಿಗಾಗಿ ವರ್ಷಗಳಿಂದ ಕೆಲಸ ಮಾಡುತ್ತಲೇ ಇದೆ. ಕೈಗಳು ಕಡಿಮೆ, ಕೆಲಸ ಜಾಸ್ತಿ. ಇವತ್ತೇ ಒಂದನ್ನು ಬಳಸಿ ನೋಡಬೇಕು ಅಂದರೆ ನಾನು ಗಜಿಮ್ ಅಥವಾ ಡೀನೊ ಹೇಳುತ್ತೇನೆ. ಎರಡೂ ಎಕ್ಸ್‌ಎಂಪಿಪಿಯವು, ಎರಡರಲ್ಲೂ ಒಮೆಮೊ ಇದೆ. ಗಜಿಮ್‌ನಲ್ಲಿ ಸೌಲಭ್ಯ ಹೆಚ್ಚು, ಡೀನೊ ನೋಡಲು ಸರಳ. ನಿಮಗೆ ನಂಬಿಕೆ ಇರುವವರು ನಡೆಸುವ ಸರ್ವರ್‌ನಲ್ಲಿ ಒಂದು ಖಾತೆ ಮಾಡಿಕೊಳ್ಳಿ. ಫೋನ್ ನಂಬರ್ ಕೇಳುವ ಪದ್ಧತಿ ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇಡೀ ಬಳಗವನ್ನು ಎಳೆದು ತರಲು ಹೋಗಬೇಡಿ, ಅದು ನಡೆಯುವುದಿಲ್ಲ. ದಿನವೂ ಮಾತಾಡುವ ಒಬ್ಬರನ್ನು ಕರೆಯಿರಿ. ಅವರ ಕಂಪ್ಯೂಟರಿನಲ್ಲಿ ನೀವೇ ಪಕ್ಕದಲ್ಲಿ ಕುಳಿತು ಹಾಕಿಕೊಡಿ, ಒಮೆಮೊ ಕೀಲಿಗಳನ್ನು ಇಬ್ಬರೂ ಸೇರಿ ಅಲ್ಲೇ ಹೋಲಿಸಿ ನೋಡಿಕೊಳ್ಳಿ.